ಗೋಪಾಲಪ್ಪನ ದೊಡ್ಡ ಮಾವ

ಅದು ಶುರುವಾದದ್ದು ಆಶ್ವಯುಜದಲ್ಲಿ, ಬೆಟ್ಟದ ಸೀತಾಫಲ ಕಣ್ಣು ಬಿಡುವ ಕಾಲದಲ್ಲಿ, ಹಸು ಕರೆದು ಹಾಲಿನ ಚೊಂಬು ಒಳಗೆ ಹೋಗುವ ಹೊತ್ತಿನಲ್ಲಿ. ದೂರದ ದೇಶಗಳಲ್ಲಿ ಯುದ್ಧ ನಡೆಯುತ್ತಿತ್ತು. ನಮ್ಮ ದೊಣೆಪಾಳ್ಯಕ್ಕೆ ಅದರಿಂದ ಬಂದದ್ದು ಸೀಮೆಎಣ್ಣೆಯ ಅಭಾವ ಒಂದೇ. ವಿಜಯಪುರದವರಿಗೆ ಮಾತ್ರ ಕಾಲ ಚೆನ್ನಾಗಿತ್ತು. ಸಿಪಾಯಿಗಳು ಆಕಾಶದಿಂದ ಕೊಡೆ ಹಿಡಿದು ಇಳಿಯುತ್ತಾರಂತೆ, ಆ ಕೊಡೆಗೆ ರೇಷ್ಮೆ ಬೇಕಂತೆ ಎಂದು ಅಲ್ಲಿಯ ಮನೆಮನೆಯಲ್ಲೂ ರಾಟೆ ಬಿಡುವಿಲ್ಲದೆ ತಿರುಗುತ್ತಿತ್ತು.

ಅಂಥ ಒಂದು ಮನೆಯ ಯಜಮಾನರು ಅಪ್ಪಯ್ಯಣ್ಣ. ಅವರ ಒಬ್ಬಳೇ ಮಗಳು ಮುನಿಲಕ್ಷ್ಮಮ್ಮನನ್ನು ನನ್ನ ದೊಡ್ಡಪ್ಪನ ಮಗ ಗೋಪಾಲಪ್ಪನಿಗೆ ಕೇಳಿದ್ದೆವು. ಮನೆ ನೋಡುವ ಶಾಸ್ತ್ರಕ್ಕೆ ಅವರು ತಮ್ಮ ಅಕ್ಕ ಮುತ್ಯಾಲಮ್ಮನವರ ಜೊತೆ ಹಿಂದಿನ ಸಂಜೆಯೇ ಬಂದು ಇಳಿದಿದ್ದರು. ಗೋಪಾಲಪ್ಪ ಆ ಹುಡುಗಿಯನ್ನು ಒಂದೇ ಸಲ ನೋಡಿದ್ದ. ಅಲ್ಲಿಂದ ಬಂದಮೇಲೆ ಮೇವು ಹಾಕಿದ ಎತ್ತಿಗೇ ಮತ್ತೆ ಮೇವು ಹಾಕುತ್ತಿದ್ದ, ಹಾಕದ ಎತ್ತು ಅವನ ಮುಖ ನೋಡುತ್ತಾ ನಿಂತಿರುತ್ತಿತ್ತು. ಈ ಹೆಣ್ಣು ತಪ್ಪಿದರೆ ಇನ್ನು ಯಾವ ಹೆಣ್ಣನ್ನೂ ನೋಡುವುದಿಲ್ಲ ಎಂದು ನನ್ನ ಹತ್ತಿರ ಹೇಳಿದ್ದ. ಅವನು ಹೇಳಿದ್ದನ್ನು ಮಾಡುವ ಜಾತಿಯವನು.

ಬೆಳಗ್ಗೆ ಅಪ್ಪಯ್ಯಣ್ಣ ಜಗಲಿಯ ಮೇಲೆ ಕೂತು, ಎದುರಿಗಿದ್ದ ಬೆಟ್ಟವನ್ನು ಬಹಳ ಹೊತ್ತು ನೋಡಿ, ನಮ್ಮ ದೊಡ್ಡಮ್ಮನನ್ನು ಕರೆದರು.

"ಪಿಳ್ಳಮ್ಮನೋರೇ, ನಿಮ್ಮೂರಲ್ಲಿ ಕರಡಿ ಐತಂತೆ?"

"ಕರಡೀನಾ? ಯಾವ ಬಾಯಿಬಡುಕ ಅಂದಿದ್ದು?"

"ದೊಡ್ಡಬಳ್ಳಾಪುರದ ಸಂತೇಲಿ ನಿಮ್ಮೂರಿನ ಹೆಸರು ಎತ್ತಿದ್ರೆ ಸಾಕು, ಎಲ್ರೂ ಕರಡಿ ಸುದ್ದೀನೇ ಹೇಳ್ತಾರೆ."

"ಅಯ್ಯೋ ಬಿಡಿ ಯಜಮಾನ್ರೇ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಇರುವೆ, ಅಳಿಲು ಬಿಟ್ಟು ಇನ್ನೇನೂ ಕಂಡಿಲ್ಲ."

"ನನ್ನ ಮಗಳು ಬೀದೀಲಿ ನಾಯಿ ಕಂಡ್ರೆ ವಾಪಸ್ ಮನೆಗೆ ಬಂದ್ಬಿಡೋಳು. ಅಂಥೋಳನ್ನ..."

"ವಾಪಸ್ ಬರೋದು ಅವಳಲ್ಲ ಕಣೋ, ನೀನು," ಎಂದು ಮುತ್ಯಾಲಮ್ಮ ಒಳಗಿನಿಂದಲೇ ಹೇಳಿದರು.

ಅಪ್ಪಯ್ಯಣ್ಣ ಅದನ್ನು ಕೇಳದವರಂತೆ ಎದ್ದು ನಿಂತರು. "ಇವತ್ತು ನಾನೇ ಬೆಟ್ಟ ಹತ್ತಿ ನೋಡ್ತೀನಿ. ಕಾಡುಮೃಗ ಇಲ್ಲ ಅಂತಾದ್ರೆ ಸಾಯಂಕಾಲಾನೇ ವೀಳ್ಯ ಬದಲಾಯಿಸೋಣ. ಇತ್ತು ಅಂದ್ರೆ ಬೇಜಾರು ಮಾಡ್ಕೋಬೇಡಿ, ನಮ್ಮ ದಾರಿ ನಮಗೆ."

ದೊಡ್ಡಮ್ಮ ನನ್ನನ್ನೂ ಗೋಪಾಲಪ್ಪನನ್ನೂ ಅಡುಗೆಮನೆಗೆ ಎಳೆದುಕೊಂಡು ಹೋದಳು. ನಾನು ಹೆದರಿದ್ದೆ. ಅವಳು ಹೆದರಿರಲಿಲ್ಲ.

"ಅವನು ಹಗಲು ಹೊತ್ತು ಗುಹೆ ಬಿಟ್ಟು ಈಚೆಗೆ ಬರಲ್ಲ. ಇನ್ನು ಊರೋರು ಬಾಯಿ ಬಿಟ್ಟಾರು ಅಂತ ತಾನೇ? ಬೆಟ್ಟದ ಮೇಲೆ ನಮ್ಮೋರು ಯಾರಾದ್ರೂ ಅವನ ಹೆಸರು ಎತ್ತಿದ್ದು ಕೇಳಿದ್ದೀಯೇನೋ ಚಿನ್ನಸ್ವಾಮಿ?"

ಕೇಳಿರಲಿಲ್ಲ. ಅದು ನಮ್ಮೂರಿನ ಕಟ್ಟು. ಹೆಂಗಸರು ಗಂಡನ ಹೆಸರು ಹೇಳದ ಹಾಗೆ, ನಾವು ಯಾರೂ ಬೆಟ್ಟದಲ್ಲಿ ಮೃಗಗಳ ಹೆಸರು ಹೇಳುತ್ತಿರಲಿಲ್ಲ. ಹೆಸರು ಹೇಳಿದರೆ ಕರೆದ ಹಾಗೆ, ಕರೆದರೆ ಬರುತ್ತದೆ ಎನ್ನುವುದು ಹಿರಿಯರ ಮಾತು. ಸರ್ಕಾರದವರು ಬೆಟ್ಟವನ್ನು ರಿಜರ್ವು ಕಾಡು ಮಾಡಿ ಬುಡದಲ್ಲಿ ಗಡಿಕಲ್ಲು ನೆಟ್ಟಿದ್ದರು. ಆ ಕಲ್ಲು ದಾಟಿದ ಮೇಲೆ ಹಾವು ಹಗ್ಗವಾಗುತ್ತಿತ್ತು. ಚಿರತೆ ಬೀಗ, ಏಕೆಂದರೆ ಹೇಳದೆ ಕೇಳದೆ ಬಂದು ಇದ್ದುದರಲ್ಲಿ ಒಳ್ಳೆಯ ಮೇಕೆಯನ್ನೇ ಮುಗಿಸಿ ಹೋಗುತ್ತಿತ್ತು. ಕರಡಿ ಮಾವ. ಮುಖದಲ್ಲಿ ಯಾವಾಗಲೂ ಸಿಡುಕು, ಆದರೆ ಮೊದಲೇ ದನಿ ಕೊಟ್ಟು ದಾರಿ ಬಿಟ್ಟರೆ ಗೊಣಗಿಕೊಂಡು ತನ್ನ ಪಾಡಿಗೆ ಹೋಗುವ ಪ್ರಾಣಿ. ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವ ಹೆಣ್ಣು ಕರಡಿ ಅತ್ತೆ. ಗೋಪಾಲಪ್ಪ ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದ ಹಾಗೆ ಕಾಯುವ ಕೂಲಿಗೆ ಹೋಗುತ್ತಿದ್ದ. ಕರಡಿಯನ್ನು ಎಲ್ಲರಿಗಿಂತ ಹೆಚ್ಚು ಸಲ ನೋಡಿದವನು ಅವನೇ. ಆದ್ದರಿಂದ ಊರಿನವರ ಬಾಯಲ್ಲಿ ಅದು ಬರೀ ಮಾವನಾಗಿ ಉಳಿಯದೆ ಗೋಪಾಲಪ್ಪನ ಮಾವನಾಗಿತ್ತು.

ಇಷ್ಟು ನಮಗೆ ಗೊತ್ತಿತ್ತು, ಅಪ್ಪಯ್ಯಣ್ಣನವರಿಗೆ ಗೊತ್ತಿರಲಿಲ್ಲ. ಹಾಗೆ ಗೊತ್ತಿಲ್ಲದಿರುವುದೇ ನಮ್ಮ ಅದೃಷ್ಟ ಎಂದು ದೊಡ್ಡಮ್ಮ ಲೆಕ್ಕ ಹಾಕಿದಳು. ಒಬ್ಬಟ್ಟಿನ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟು ಕಳಿಸಿದಳು.

ಬಿಸಿಲೇರುವ ಮುಂಚೆ ಗಡಿಕಲ್ಲು ದಾಟಿದೆವು. ಗೋಪಾಲಪ್ಪ ಮುಂದೆ, ಕೋಲಿನಿಂದ ಪೊದೆ ಸರಿಸುತ್ತಾ. ಅವನ ಹಿಂದೆ ಮುತ್ಯಾಲಮ್ಮ. ಅವರು ಸೀರೆಯನ್ನು ಮೇಲಕ್ಕೆ ಕಟ್ಟಿ ಬರಿಗಾಲಲ್ಲಿ ಬಂಡೆ ಹತ್ತುವುದನ್ನು ನೋಡಿದರೆ ವಿಜಯಪುರದಲ್ಲೂ ಒಂದು ಬೆಟ್ಟ ಇದೆಯೇನೋ ಅನ್ನಿಸುತ್ತಿತ್ತು. ಅಪ್ಪಯ್ಯಣ್ಣ ಕೋಟು ಹಾಕಿ, ಕಂಕುಳಲ್ಲಿ ಛತ್ರಿ ಇಟ್ಟುಕೊಂಡು, ಕಿರ್ರೆನ್ನುವ ಹೊಸ ಜೋಡಿನಲ್ಲಿ ಬರುತ್ತಿದ್ದರು. ಕೊನೆಯಲ್ಲಿ ನಾನು. ರಾತ್ರಿ ಬಿದ್ದ ಮಳೆಗೆ ಬಂದರೆ ಗಿಡದ ಸೊಪ್ಪು ಘಮ್ಮೆನ್ನುತ್ತಿತ್ತು. ಕಾಲಬುಡದಿಂದ ಒಂದು ಗೌಜಲಹಕ್ಕಿ ಭರ್ರೆಂದು ಎದ್ದಿತು. ಅಪ್ಪಯ್ಯಣ್ಣ ಛತ್ರಿ ಬಿಚ್ಚಿ ಅದರ ಹಿಂದೆ ಕೂತುಬಿಟ್ಟರು.

"ಹಕ್ಕಿ ಕಣೋ," ಎಂದರು ಮುತ್ಯಾಲಮ್ಮ.

"ಗೊತ್ತು ಅಕ್ಕ. ಬಿಸಿಲು ಅಂತ ಬಿಚ್ಚಿದೆ."

ಸ್ವಲ್ಪ ಮೇಲೆ ಒಂದು ಹುತ್ತ ಬುಡದವರೆಗೆ ಬಗೆದು ಬಿದ್ದಿತ್ತು. ಹಸಿ ಮಣ್ಣು. ಅಪ್ಪಯ್ಯಣ್ಣ ನಿಂತು, "ಇದನ್ನ ಯಾರು ಅಗೆದ್ರು?" ಎಂದರು.

ಗೋಪಾಲಪ್ಪ ಸುಳ್ಳು ಹೇಳಿ ಅಭ್ಯಾಸವಿಲ್ಲದವನು. "ಮಳೆ," ಎಂದ.

"ಮಳೆಗೆ ಉಗುರು ಇರ್ತದೇನಪ್ಪಾ?" ಎಂದು ಮುತ್ಯಾಲಮ್ಮ ಬಗ್ಗಿ ಮಣ್ಣಿನ ಮೇಲಿನ ಗೀರುಗಳನ್ನು ನೋಡಿದರು. ಗೋಪಾಲಪ್ಪ ಬೇಗ ಬೇಗ ಮುಂದೆ ಹೋಗಿಬಿಟ್ಟ.

ಅಷ್ಟರಲ್ಲಿ ಮೇಲಿನಿಂದ ಪಾಪಕ್ಕ ಸೌದೆ ಹೊರೆ ಹೊತ್ತು ಇಳಿದು ಬಂದಳು. ನಮ್ಮ ಪಕ್ಕದ ಮನೆಯವಳು. ಗೋಪಾಲಪ್ಪ ಕಣ್ಣು ಸನ್ನೆ ಮಾಡಿದ. ಹೊರೆ ಕಣ್ಣಿನ ಮೇಲೆ ಬಿದ್ದಿದ್ದರಿಂದ ಅವಳಿಗೆ ಅದು ಕಾಣಲಿಲ್ಲ.

"ಯಾರು, ಗೋಪಾಲಪ್ಪನಾ? ಹುಷಾರಪ್ಪಾ, ನಿನ್ನ ಮಾವ ಮೇಲೆ ಅವ್ನೆ. ಹೊಟ್ಟೆ ಬಿರಿಯೋ ಹಾಗೆ ಸೀತಾಫಲ ತಿಂದು ಬಂಡೆ ಸಂದೀಲಿ ಬಿದ್ದವ್ನೆ. ಏನು ಗೊರಕೆ ಅಂತೀಯಾ!" ಎಂದು ನಿಲ್ಲದೆ ಇಳಿದು ಹೋದಳು.

ಕಿರ್ರೆನ್ನುತ್ತಿದ್ದ ಜೋಡು ನಿಂತಿತು. ಅಪ್ಪಯ್ಯಣ್ಣ ಹಿಂದೆ ತಿರುಗಿ ನನ್ನ ಮುಖ ನೋಡಿದರು. ನಾನು ಮರ ನೋಡಿದೆ.

ಅತ್ತಿಮರದ ಹತ್ತಿರ ಗಂಗಣ್ಣ ಮೇಕೆ ಬಿಟ್ಟುಕೊಂಡು ಕೂತಿದ್ದ. ದಿನವಿಡೀ ಮೇಕೆಗಳ ಜೊತೆ ಇದ್ದು ಮನುಷ್ಯರು ಸಿಕ್ಕಿದರೆ ಬಿಡದವನು. "ಏನ್ಲಾ ಗೋಪಾಲ, ನಿನ್ನ ಮಾವನಿಗೆ ಸ್ವಲ್ಪ ಬುದ್ಧಿ ಹೇಳು ಕಣೋ. ನಾನು ಕಣ್ಣಿಟ್ಟಿದ್ದ ಜೇನು ನೆನ್ನೆ ಪೂರ್ತಿ ತಿಂದ್ಹಾಕ್ಬಿಟ್ಟ. ಮೈಮೇಲೆ ಒಂದು ಚೂರು ಬಟ್ಟೆ ಇಲ್ಲ, ಹುಳಗಳು ಮುತ್ಕೊಂಡು ಕಡೀತಿದ್ರೂ ನಾಚಿಕೆ ಇಲ್ಲ!"

"ಸರಿ, ಸರಿ," ಎಂದ ಗೋಪಾಲಪ್ಪ.

"ನಿಮ್ಮತ್ತೆ ಬೇರೆ. ಎರಡು ಕೂಸು ಬೆನ್ನ ಮೇಲೆ ಹಾಕ್ಕೊಂಡು ಓಡಾಡ್ತವ್ಳೆ. ವಯಸ್ಸು ಏನು ಕಮ್ಮಿ ಆಯ್ತಾ ಅವಳಿಗೆ?"

"ಸರಿ ಕಣೋ ಗಂಗಣ್ಣ, ಮೇಕೆ ನೋಡ್ಕೋ ಹೋಗು."

ಗೋಪಾಲಪ್ಪ ಮುಂದೆ ನಡೆದ, ಮುತ್ಯಾಲಮ್ಮನವರೂ ನಡೆದರು. ಅಪ್ಪಯ್ಯಣ್ಣ ಮಾತ್ರ ನನ್ನ ತೋಳು ಹಿಡಿದು ಹಿಂದೆ ನಿಲ್ಲಿಸಿಕೊಂಡರು. ಅವರ ಮುಖ ಕೆಂಪಾಗಿತ್ತು.

"ಚಿನ್ನಸ್ವಾಮಿ, ದೇವರ ಮೇಲೆ ಆಣೆ ಇಟ್ಟು ಹೇಳು. ಹುಡುಗನಿಗೆ ಮಾವ ಅವ್ನಾ?"

ಯಾರೋ ಇವರಿಗೆ ನಮ್ಮ ಬೆಟ್ಟದ ಮಾತು ಬಿಡಿಸಿ ಹೇಳಿದ್ದಾರೆ, ಮರ್ಯಾದಸ್ಥರು, ಅದಕ್ಕೇ ಹೆಸರೆತ್ತದೆ ನಮ್ಮ ಹಾಗೆಯೇ ಕೇಳುತ್ತಿದ್ದಾರೆ ಎಂದುಕೊಂಡೆ. ಆಣೆ ಬೇರೆ ಇಟ್ಟಿದ್ದರು.

"ಅವ್ನೆ ಯಜಮಾನ್ರೇ," ಎಂದೆ.

"ಎಷ್ಟು ಕಾಲದಿಂದ?"

"ನಾವು ಹುಟ್ಟೋಕೆ ಮುಂಚಿನಿಂದ್ಲೂ ಅವ್ನೆ."

"ಊರಿಗೆ ಬರ್ತಾನಾ?"

"ದಿನಾ ಏನಿಲ್ಲ. ಕಡಲೆಕಾಯಿ ಕೀಳೋ ಕಾಲದಲ್ಲಿ ಒಂದು ಸಲ ಬಂದು ಹೊಲದಲ್ಲಿ ಕೂತು ತಿಂದು ಹೋಗ್ತಾನೆ."

"ನೀವು ಸುಮ್ನಿರ್ತೀರಾ?"

"ತಮಟೆ ಬಡಿದು ಓಡಿಸ್ತೀವಿ."

"ಮಾವನ್ನ?" ಅವರು ಹಣೆ ಒರೆಸಿಕೊಂಡರು. "ಹೋಗ್ಲಿ, ಅವನಿಗೆ ಮಗಳು ಅವಳಾ?"

ಮರಿಗಳಲ್ಲಿ ಒಂದು ಹೆಣ್ಣೇ ಇರಬೇಕು ಎಂದು ಗೋಪಾಲಪ್ಪ ಹೇಳಿದ್ದು ನೆನಪಿತ್ತು. "ಒಬ್ಬಳಿರಬೇಕು," ಎಂದೆ.

"ಹುಡುಗ ಅವಳನ್ನ ನೋಡವ್ನಾ?"

"ನೋಡ್ದೆ ಇರ್ತಾನಾ? ಬೇಸಿಗೇಲಿ ದಿನಾ ನೋಡ್ತಿದ್ದ. ದೂರದಿಂದ್ಲೇ. ಹತ್ತಿರ ಹೋದ್ರೆ ಅವರಮ್ಮ ಸುಮ್ನೆ ಬಿಡಲ್ಲ, ಮುಖಾನೇ ಕಿತ್ತ್ಹಾಕ್ತಾಳೆ."

ಅಪ್ಪಯ್ಯಣ್ಣ ನನ್ನ ತೋಳು ಬಿಟ್ಟರು. ಅವರ ಜೋಡು ಮೊದಲಿಗಿಂತ ಜೋರಾಗಿ ಕಿರ್ರೆನ್ನುತ್ತಾ ಮೇಲೆ ಹತ್ತಿತು. ಕೆಲಸ ಕೆಟ್ಟಿತು ಎಂದು ನನಗೆ ಗೊತ್ತಾಯಿತು. ಹೇಗೆ ಕೆಟ್ಟಿತು ಎನ್ನುವುದು ಗೊತ್ತಾಗಲಿಲ್ಲ.

ಬೆಟ್ಟದ ನೆತ್ತಿಯಲ್ಲಿ ಬಂಡೆಯೊಳಗೆ ತಾನಾಗಿ ಆದ ಒಂದು ಹೊಂಡವಿದೆ. ಮಳೆನೀರು ನಿಂತು ಬೇಸಿಗೆಯಲ್ಲೂ ಬತ್ತದು. ಅದನ್ನೇ ನಾವು ದೊಣೆ ಎನ್ನುವುದು, ಬೆಟ್ಟಕ್ಕೂ ಊರಿಗೂ ಅದರದೇ ಹೆಸರು. ಅಲ್ಲಿಂದ ನೋಡಿದರೆ ಕೆರೆಗಳು ಒಂದರ ಹಿಂದೆ ಒಂದು ಹೊಳೆಯುತ್ತವೆ. ಆದರೆ ಆವತ್ತು ಅದನ್ನು ನೋಡಿದವರು ಮುತ್ಯಾಲಮ್ಮ ಒಬ್ಬರೇ. ಮೋಡ ಕವಿದು ತಂಪಾಗಿತ್ತು. ನಾನು ಒಬ್ಬಟ್ಟಿನ ಗಂಟು ಬಿಚ್ಚಿದೆ.

"ನನಗೆ ಬೇಡ," ಎಂದರು ಅಪ್ಪಯ್ಯಣ್ಣ. "ಮೊದಲೇ ಒಬ್ಬ ಮಾವ ಇಟ್ಕೊಂಡಿರೋನ ಮನೆ ಒಬ್ಬಟ್ಟು ನಾನ್ಯಾಕೆ ತಿನ್ಲಿ?"

ಗೋಪಾಲಪ್ಪ ತೆರೆದ ಬಾಯಿ ಮುಚ್ಚಲಿಲ್ಲ.

"ಏನು ಹಾಗೆ ನೋಡ್ತೀಯಾ? ಕಂಡೋರೆಲ್ಲಾ ಹೇಳ್ತಾವ್ರೆ. ಮೈಮೇಲೆ ಬಟ್ಟೆ ಇಲ್ಲ, ಕಂಡೋರ ಜೇನು ಕದೀತಾನೆ, ನೀವು ತಮಟೆ ಬಡಿದು ಓಡಿಸ್ತೀರಾ. ಅಂಥೋನ ಮಗಳನ್ನ ಕಟ್ಕೊಂಡು, ಮೇಲೆ ನನ್ನ ಮಗಳು ಬೇರೆ ಬೇಕಾ ನಿನಗೆ?"

ಈಗ ನನಗೆ ಅರ್ಥವಾಯಿತು. ಗೋಪಾಲಪ್ಪನಿಗೂ ಆಯಿತು. ಮಾವ ಯಾರು ಎಂದು ಹೇಳಿದರೆ ಬೆಟ್ಟದಲ್ಲಿ ಕರಡಿ ಇದೆ ಎಂದು ಹುಡುಗಿ ತಪ್ಪುತ್ತಾಳೆ. ಹೇಳದಿದ್ದರೆ ಇನ್ನೊಂದು ಹೆಂಡತಿ ಇದ್ದಾಳೆ ಎಂದು ತಪ್ಪುತ್ತಾಳೆ. ಕೊನೆಗೆ ಅವನೇ ಬಾಯಿ ಬಿಟ್ಟ.

"ಹೇಳ್ಬಿಡ್ತೀನಿ ಯಜಮಾನ್ರೇ. ಕೆಳಗೆ ಗಡಿಕಲ್ಲು ದಾಟಿದ ತಕ್ಷಣ ಎಲ್ಲಾ ಹೇಳ್ತೀನಿ. ಇಲ್ಲಿ ಅವನ ಹೆಸರು ಎತ್ತೋ ಹಾಗಿಲ್ಲ."

"ಯಾಕೆ, ಪೊಲೀಸರು ಹುಡುಕ್ತಾವ್ರಾ?"

"ಹಾಗಲ್ಲ..."

"ಇಲ್ಲೇ ಹೇಳ್ಬೇಕು. ಈಗಲೇ."

ಗೋಪಾಲಪ್ಪ ಎದ್ದು ನಿಂತ. ಬಾಯಲ್ಲಿ ಹೇಳಬಾರದು, ಆದರೆ ಮೈಯಲ್ಲಿ ತೋರಿಸಬಾರದು ಎಂದು ಯಾವ ಹಿರಿಯರೂ ಹೇಳಿರಲಿಲ್ಲ. ಕೂದಲು ಕೆದರಿಕೊಂಡ. ತುಟಿ ಮುಂದೆ ಮಾಡಿ ಉಸಿರು ಎಳೆದು ಬಿಟ್ಟ. ಬೆರಳು ಮಡಚಿ, ತಲೆ ತಗ್ಗಿಸಿ, ಕಾಲ್ಬೆರಳು ಒಳಕ್ಕೆ ತಿರುಗಿಸಿ, ಆ ಕಡೆ ಈ ಕಡೆ ವಾಲಾಡುತ್ತಾ ಬಂಡೆಯ ಮೇಲೆ ನಡೆದು ತೋರಿಸಿದ.

ಅಪ್ಪಯ್ಯಣ್ಣ ಕಣ್ಣು ಕಿರಿದು ಮಾಡಿ ನೋಡಿದರು. "ಕುಡುಕ ಬೇರೆ!" ಎಂದರು.

ಮುತ್ಯಾಲಮ್ಮನವರಿಗೆ ಮಾತ್ರ ಹುತ್ತದ ಹತ್ತಿರವೇ ಅರ್ಥವಾಗಿರಬೇಕು. ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನಗು ಹಾಗೇ ನಿಂತುಹೋಯಿತು. ಅವರು ಗೋಪಾಲಪ್ಪನ ಹಿಂದಕ್ಕೆ ನೋಡುತ್ತಿದ್ದರು.

ಬಂಡೆ ಸಂದಿಯಿಂದ ಅದು ಹೊರಗೆ ಬಂದು ನಿಂತಿತ್ತು. ನಿದ್ದೆಗಣ್ಣು. ಎದೆಯ ಮೇಲಿನ ಬಿಳಿ ಪಟ್ಟೆಗೆ ಸೀತಾಫಲದ ಬೀಜ ಅಂಟಿತ್ತು. ಗೋಪಾಲಪ್ಪ ಯಾವ ಥರ ವಾಲಿದ್ದನೋ ಅದೇ ಥರ ವಾಲುತ್ತಾ ನೀರಿನ ಕಡೆ ಬಂದು, ನಮ್ಮನ್ನು ಕಂಡು ಗಕ್ಕನೆ ನಿಂತಿತು.

"ಓಡಬೇಡಿ," ಎಂದ ಗೋಪಾಲಪ್ಪ ತಿರುಗಿ ನೋಡಿ, ತಣ್ಣಗೆ. "ಅವನೇ."

ಅವನು ನಮಗೂ ಅದಕ್ಕೂ ನಡುವೆ ಬಂದು ನಿಂತ. ಕೋಲು ಎತ್ತಲಿಲ್ಲ. ಹಟ್ಟಿಯಲ್ಲಿ ಎತ್ತಿನ ಜೊತೆ ಮಾತಾಡುವ ದನಿಯಲ್ಲಿ, ಸ್ವಲ್ಪ ಗಟ್ಟಿಯಾಗಿ, "ನಾವೇ ಮಾವ, ಬೇರೆ ಯಾರೂ ಅಲ್ಲ. ನೀರು ಕುಡಿಯೋಕೆ ಬಂದ್ಯಾ? ಕುಡಿ, ಕುಡಿ. ನಾವು ಹೊರಟ್ವಿ," ಎನ್ನುತ್ತಾ ನಮ್ಮನ್ನು ಬೆನ್ನಿನಿಂದಲೇ ಹಿಂದಕ್ಕೆ ತಳ್ಳತೊಡಗಿದ. ಕರಡಿ ಎರಡು ಕಾಲ ಮೇಲೆ ಎದ್ದು ನಿಂತು ಮೂಗು ಆಡಿಸಿತು.

ಅಪ್ಪಯ್ಯಣ್ಣನವರ ಛತ್ರಿ ಕೆಳಗೆ ಬಿತ್ತು. ಎರಡೂ ಕೈ ತಾವಾಗಿಯೇ ಕೂಡಿಕೊಂಡವು.

"ಸ್ವಾಮೀ, ತಪ್ಪಾಯ್ತು," ಎಂದರು. ಅಂಥ ನಯವಾದ ದನಿ ಅವರಿಗೆ ಇದೆಯೆಂದು ನನಗೆ ತಿಳಿದಿರಲಿಲ್ಲ. "ನೀವೇ ದೊಡ್ಡ ಮಾವ. ನಾನು ಚಿಕ್ಕ ಮಾವ. ಈ ಹುಡುಗನಿಗೆ ನಾವಿಬ್ರೂ ಮಾವಂದಿರೇ. ನಿಮ್ಮ ಗೌರವಕ್ಕೆ ಏನೂ ಕಮ್ಮಿ ಮಾಡಲ್ಲ."

ಕರಡಿ ಕೆಳಗಿಳಿಯಿತು. ಒಬ್ಬಟ್ಟಿನ ಗಂಟಿನ ಹತ್ತಿರ ಬಂದು, ಬಟ್ಟೆಯನ್ನು ಉಗುರಿನಿಂದ ಬಿಡಿಸಿ, ಕೂತುಕೊಂಡಿತು. ನಾವು ಅದರ ಊಟ ಮುಗಿಯುವವರೆಗೆ ಕಾಯಲಿಲ್ಲ.

ಇಳಿಯುವಾಗ ಅಪ್ಪಯ್ಯಣ್ಣನವರ ಜೋಡು ಕಿರ್ರೆನ್ನಲಿಲ್ಲ. ಅವು ಅವರ ಕೈಯಲ್ಲಿದ್ದವು. ಗಡಿಕಲ್ಲು ದಾಟಿದ ಕೂಡಲೇ ಗೋಪಾಲಪ್ಪ ನಿಂತು ಹೇಳಿದ. "ಅದು ಕರಡಿ ಯಜಮಾನ್ರೇ. ಗಂಡು ಒಂದು, ಹೆಣ್ಣೊಂದು, ಮರಿ ಎರಡು. ಚಿರತೇನೂ ಐತೆ. ಅಮ್ಮ ಹೇಳಿದ್ದು ಸುಳ್ಳು, ಮಳೆ ಅಂತ ನಾನು ಹೇಳಿದ್ದೂ ಸುಳ್ಳು. ಇನ್ನು ನಿಮ್ಮಿಷ್ಟ."

ಅಪ್ಪಯ್ಯಣ್ಣ ಬರಿಗಾಲಲ್ಲೇ ಮನೆಯ ದಾರಿ ಹಿಡಿದರು.

ಮನೆ ಬಾಗಿಲಲ್ಲೇ ದೊಡ್ಡಮ್ಮ ಕಾಲಿಗೆ ನೀರು ಹಿಡಿದು ನಿಂತಿದ್ದಳು. "ನೋಡಿದ್ರಾ ಅಣ್ಣಾ? ಇರುವೆ, ಅಳಿಲು ಬಿಟ್ರೆ ಇನ್ನೇನಾದ್ರೂ ಕಣ್ಣಿಗೆ ಬಿತ್ತಾ?"

"ಇಲ್ಲ ತಾಯಿ. ಒಬ್ಬ ದೊಡ್ಡ ಅಳಿಲು ಸಿಕ್ಕಿದ್ರು. ನಿಮ್ಮ ಒಬ್ಬಟ್ಟು ಬಹಳ ಇಷ್ಟಪಟ್ರು," ಎಂದು ಅಪ್ಪಯ್ಯಣ್ಣ ಜಗಲಿಯ ಮೇಲೆ ಕುಸಿದರು. ದೊಡ್ಡಮ್ಮ ನನ್ನ ಮುಖ ನೋಡಿದಳು, ಬರಿಗೈ ನೋಡಿದಳು, ಚೊಂಬನ್ನು ಅಲ್ಲೇ ಇಟ್ಟು ಕಂಬಕ್ಕೆ ಒರಗಿದಳು.

ಅಪ್ಪಯ್ಯಣ್ಣ ಆ ನೀರಿನಲ್ಲಿ ಕಾಲು ತೊಳೆದುಕೊಂಡು ಮಾತೆತ್ತಿದರು. "ಹುಡುಗ ಒಳ್ಳೆಯೋನು. ಅದನ್ನ ಇಲ್ಲ ಅನ್ನಲ್ಲ. ಆದ್ರೆ ಬೆಳಗ್ಗೆ ಏನಂದಿದ್ದೆ? ಕಾಡುಮೃಗ ಇದ್ರೆ ಹೆಣ್ಣು ಕೊಡಲ್ಲ ಅಂದಿದ್ದೆ. ನಾನು ಆಡಿದ ಮಾತು ತಪ್ಪೋನಲ್ಲ. ಅಕ್ಕಾ, ಹೊರಡು."

ಗೋಪಾಲಪ್ಪ ಹಟ್ಟಿಯ ಕಡೆ ತಿರುಗಿದ. ಎತ್ತಿಗೆ ಮೇವು ಹಾಕುವ ಹೊತ್ತು ಅದಾಗಿರಲಿಲ್ಲ.

ಮುತ್ಯಾಲಮ್ಮ ಕೂತಲ್ಲಿಂದ ಏಳಲಿಲ್ಲ. "ಲೇ ಅಪ್ಪಯ್ಯ, ಆಡಿದ ಮಾತು ತಪ್ಪಲ್ವಾ ನೀನು?"

"ತಪ್ಪಲ್ಲ."

"ಮೇಲೆ ಕೈಮುಗಿದು ಏನಂದೆ? ಈ ಹುಡುಗನಿಗೆ ನಾನು ಚಿಕ್ಕ ಮಾವ ಅಂದೆಯೋ ಇಲ್ವೋ?"

"ಅಕ್ಕಾ, ಅದು ಹೆದರಿಕೇಲಿ..."

"ಬಾಯಿಂದ ಬಂತೋ ಇಲ್ವೋ ಹೇಳು. ಬೆಳಗ್ಗೆ ಆಡಿದ್ದು ಜಗಲಿ ಮೇಲಿನ ಮಾತು, ಮಧ್ಯಾಹ್ನ ಆಡಿದ್ದು ಬೆಟ್ಟದ ಮೇಲಿನ ಮಾತು. ಯಾವುದು ಮೇಲು? ಹುಡುಗನ ಕಡೆ ದೊಡ್ಡೋರ ಮುಂದೆ ಒಪ್ಕೊಂಡಿದ್ದೀಯಾ. ಅವರು ಒಬ್ಬಟ್ಟೂ ತಿಂದಾಯ್ತು."

"ಬಿಡಿ ಅಮ್ಮ," ಎಂದ ಗೋಪಾಲಪ್ಪ ಹಟ್ಟಿಯ ಬಾಗಿಲಿನಿಂದ. "ಹೆದರಿದಾಗ ಆಡಿದ ಮಾತಿಗೆ ಕಟ್ಟಿ ಹಾಕೋದು ಬೇಡ."

"ನೀನು ಸುಮ್ನಿರಪ್ಪಾ, ಇದು ಅಕ್ಕ ತಮ್ಮನ ಮಾತು." ಮತ್ತೆ ತಮ್ಮನ ಕಡೆ ತಿರುಗಿ, "ಕೊಟ್ಟ ಮಾತು ವಾಪಸ್ ಬೇಕು ಅಂದ್ರೆ ತಗೋ, ನಾನು ಬೇಡ ಅನ್ನಲ್ಲ. ಆದ್ರೆ ಯಾರ ಮುಂದೆ ಕೊಟ್ಟೆಯೋ ಅವರ ಮುಂದೆ ಹೋಗಿ ವಾಪಸ್ ತಗೋಬೇಕು. ನಡೀ, ಇನ್ನೂ ಬಿಸಿಲೈತೆ. ಛತ್ರೀನೂ ಅಲ್ಲೇ ಬಿಟ್ಟು ಬಂದಿದ್ದೀಯಾ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅಪ್ಪಯ್ಯಣ್ಣ ಬೆಟ್ಟದ ಕಡೆ ನೋಡಿದರು. ತಮ್ಮ ಕಾಲಿನ ಬೊಬ್ಬೆ ನೋಡಿಕೊಂಡರು. ಹಟ್ಟಿಯ ಬಾಗಿಲಲ್ಲಿ ನಿಂತ ಗೋಪಾಲಪ್ಪನನ್ನು ಅವೆರಡಕ್ಕಿಂತ ಹೆಚ್ಚು ಹೊತ್ತು ನೋಡಿದರು.

"ಪಿಳ್ಳಮ್ಮನೋರೇ, ಎಲೆ ಅಡಿಕೆ ತಟ್ಟೆ ತನ್ನಿ," ಎಂದರು. "ಒಂದು ಕರಾರು. ಇವನು ನನ್ನನ್ನ ಮಾವ ಅನ್ನಬಾರದು. ಆ ಮಾತು ಕೇಳಿದ್ರೆ ಹಿಂದೆ ತಿರುಗಿ ನೋಡೋ ಹಾಗಾಗ್ತದೆ."

"ಇನ್ನೇನು ಅಂತಾನೆ?" ಎಂದಳು ದೊಡ್ಡಮ್ಮ. ಅವಳ ದನಿ ಆಗಲೇ ಸರಿಹೋಗಿತ್ತು. "ಚಿಕ್ಕಪ್ಪ ಅಂದ್ರೆ ಹುಡುಗಿ ತಂಗಿ ಆಗ್ತಾಳೆ. ಅಣ್ಣ ಅಂದ್ರೆ ಮಗಳಾಗ್ತಾಳೆ."

"ಯಜಮಾನ್ರೇ ಅಂತಿದ್ದಾನಲ್ಲ, ಹಾಗೇ ಇರ್ಲಿ."

ಹಾಗೇ ಇತ್ತು. ಅವರು ಬದುಕಿರುವವರೆಗೂ ಗೋಪಾಲಪ್ಪ ಅವರನ್ನು ಹಾಗೆಯೇ ಕರೆದ. ವಿಜಯಪುರದವರು ಇವನನ್ನು ಅಳಿಯನೋ ಸಂಬಳದ ಆಳೋ ಎಂದು ಅನುಮಾನದಿಂದ ನೋಡುತ್ತಿದ್ದರು. ಮುನಿಲಕ್ಷ್ಮಮ್ಮ ಮಾರನೆಯ ವರ್ಷ ಬಂದು, ಮೊದಲ ಸೀತಾಫಲಕ್ಕೇ ಗಡಿಕಲ್ಲು ದಾಟಿದಳು.

ಅಪ್ಪಯ್ಯಣ್ಣ ಹೊರಟದ್ದು ವೀಳ್ಯವಾದ ಮಾರನೆಯ ದಿನ, ಗುರುವಾರ ಬೆಳಗ್ಗೆ, ಕಾಲಿಗೆ ಅರಿಶಿನದ ಪಟ್ಟಿ ಕಟ್ಟಿಕೊಂಡು. ಮುತ್ಯಾಲಮ್ಮ ಅವರ ಜೊತೆ ಹೋಗಲಿಲ್ಲ. ದೊಣೆಯ ಹತ್ತಿರ ಕೂತು ಕೆರೆಗಳನ್ನು ಇನ್ನೊಂದು ಸಲ ನೋಡಬೇಕು ಎಂದು ಉಳಿದುಕೊಂಡರು. ಅವರು ಹೊರಟದ್ದು ಭಾನುವಾರ.